ಕೊಂಡಿ

ಕಳೆದ ದೀಪಾವಳಿಗೆ ಇಳಕಲ್ಲಿಗೆ ಹೋಗಿದ್ದೆ. ಪಾಡ್ಯದ ಸಂಜೆ ಹಿಂದಿನ ಓಣಿಯ ನೇಕಾರರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಪ್ರವೇಶಪತ್ರ. 2026ರ ಸೆಪ್ಟೆಂಬರಿಗೆ ಎಂ.ಎಸ್ಸಿ. ಶುರು. ಅವ್ವ ಕರ್ಚಿಕಾಯಿಯ ತಟ್ಟೆ ಮುಂದಿಟ್ಟಳು. ಹುಡುಗಿ ಮುಟ್ಟಲಿಲ್ಲ. ಅವಳಪ್ಪ ಗೋಡೆಗೆ ಒರಗಿ ಕೂತು, “ನೀವು ಹೋಗಿ ಬಂದಾರು. ಹೆಂಗಿತ್ರೀ ಅಲ್ಲಿ?” ಅಂದರು.

ಈ ಪ್ರಶ್ನೆಗೆ ಹದಿಮೂರು ವರ್ಷಗಳಿಂದ ನನ್ನ ಹತ್ತಿರ ಒಂದು ಉತ್ತರ ತಯಾರಿದೆ. ಮದುವೆ ಮನೆಯಲ್ಲಿ, ಕಾಲೇಜಿನ ವೇದಿಕೆಯಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ, ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಗ್ರಂಥಾಲಯ ಎಷ್ಟು ದೊಡ್ಡದು, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ, ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಒಂದೇ ವರ್ಷದಲ್ಲಿ ಮನುಷ್ಯ ಬೇರೆಯೇ ಆಗಿಬಿಡುತ್ತಾನೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಂದೂ ಅದನ್ನೇ ಶುರುಮಾಡಿದ್ದೆ. ಅಷ್ಟರಲ್ಲಿ ಹುಡುಗಿ, “ಓದು ಮುಗಿದ ಮ್ಯಾಲೆ ಎರಡು ವರ್ಷ ಅಲ್ಲೇ ಕೆಲಸ ಮಾಡಬಹುದಂತ ಏಜೆನ್ಸಿಯವರು ಹೇಳ್ಯಾರ್ರಿ ಸರ್. ಅದರಾಗ ಸಾಲ ತೀರತೈತಿ” ಅಂದಳು.

ನನ್ನ ಮಾತು ನಿಂತಿತು. 2011ರ ಬೇಸಿಗೆಯಲ್ಲಿ, ಇದೇ ಪಡಸಾಲೆಯಲ್ಲಿ, ನನ್ನಪ್ಪನಿಗೆ ನಾನು ಹೇಳಿದ ಮಾತದು. ಒಂದಕ್ಷರವೂ ಬದಲಾಗಿರಲಿಲ್ಲ.

ನಮ್ಮದು ನೇಕಾರರ ಮನೆ. ಪಡಸಾಲೆಯ ಒಂದು ಬದಿಗೆ ಕುಣಿಮಗ್ಗ, ಇನ್ನೊಂದು ಬದಿಗೆ ಅವ್ವನ ರಾಟಿ. ಅಪ್ಪ ಬೆಳಗಿನ ಆರಕ್ಕೆ ಕುಣಿಯೊಳಗೆ ಕಾಲಿಳಿಸಿದರೆ ಏಳುತ್ತಿದ್ದುದು ಊಟಕ್ಕೆ ಮಾತ್ರ. ಲಾಳಿಯ ಸದ್ದು ನಿಂತರೆ ನನಗೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಕಂಡಿಕೆ ಸುತ್ತುವುದನ್ನು ನಾನು ಅಕ್ಷರ ಕಲಿಯುವ ಮುಂಚೆಯೇ ಕಲಿತಿದ್ದೆ. ಆದರೆ ಮಗ್ಗಕ್ಕೆ ಕೂರಲು ಅಪ್ಪ ಬಿಡಲಿಲ್ಲ. “ನೀ ಓದು. ಇದು ನನ್ನ ಜೋಡೀನ ಮುಗೀಲಿ” ಅನ್ನುತ್ತಿದ್ದ. ಓದಿದೆ. ಜವಳಿ ತಂತ್ರಜ್ಞಾನದಲ್ಲೇ ಬಿ.ಇ. ಮಾಡಿದೆ. ಬಿಡು ಅಂದ ಕಸುಬಿನ ಹೆಸರನ್ನೇ ಪದವಿಯ ಮೇಲೆ ಹೊತ್ತುಕೊಂಡೆ. ಆಮೇಲೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರಕ್ಕೆ ಸೀಟು ಸಿಕ್ಕಿತು.

ಬೇಕಾಗಿದ್ದು ಹನ್ನೆರಡು ಲಕ್ಷ. ಆಗ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಆಸ್ತಿ ಅಡವು ಕೇಳುತ್ತಿತ್ತು. ನಮಗಿದ್ದ ಆಸ್ತಿ ಈ ಮನೆಯೊಂದೇ. ಖರೀದಿ ಪತ್ರ, ಉತಾರ, ಋಣಭಾರ ಪತ್ರ ಎಲ್ಲವನ್ನೂ ಅಪ್ಪ ಒಂದು ಜರಿಯಂಚಿನ ಅರಿವೆಯಲ್ಲಿ ಕಟ್ಟಿಕೊಂಡು ತಿರುಗಿದ. ಮನೆಯ ಬೆಲೆ ಕಟ್ಟಲು ಒಬ್ಬರು ಟೇಪು ಹಿಡಿದು ಬಂದರು. ಅಳೆಯುತ್ತಾ ಅಳೆಯುತ್ತಾ ಮಗ್ಗದ ಹತ್ತಿರ ನಿಂತು, “ಇದೇನ್ರೀ ತಗ್ಗು?” ಎಂದು ಕೇಳಿದರು. ಮಗ್ಗದ ಕುಣಿ ಅಂದ ಅಪ್ಪ. ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ನೆಲ ಸಮತಟ್ಟಾಗಿಲ್ಲ ಎಂದೋ ಏನೋ. ಮೂವತ್ತು ವರ್ಷ ಅಪ್ಪನ ಎರಡೂ ಕಾಲು ಇದ್ದ ಜಾಗ ಅದು. ಅವನು ಅವರ ಪೆನ್ನನ್ನೇ ನೋಡುತ್ತಾ ನಿಂತಿದ್ದ. ಅವನ ಮುಖದತ್ತ ನೋಡುವ ಧೈರ್ಯ ನನಗಾಗಲಿಲ್ಲ.

ಜೂನ್ ತಿಂಗಳಲ್ಲಿ ಸಹಿ ಆಯಿತು. ಆಗ ಒಂದು ಪೌಂಡಿಗೆ ಸುಮಾರು 73 ರೂಪಾಯಿ.

ಲೀಡ್ಸ್ ನನಗೆ ಒಪ್ಪಿದ ಊರು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಮಾತುಗಳಿಂದ ಆ ಊರಿನ ಮೇಲೆ ನನಗೆ ಮುನಿಸಿದೆ ಅನ್ನಿಸಬಾರದು. ಅದೂ ನೇಕಾರರ ಊರೇ. ನಗರದ ಲಾಂಛನದಲ್ಲಿ ಗೂಬೆಗಳ ಜೊತೆ ಕುರಿಯ ತುಪ್ಪಟವೊಂದು ತೂಗುತ್ತದೆ. ಮ್ಯಾಂಚೆಸ್ಟರ್ ಕಡೆಯದು ಹತ್ತಿ, ಲೀಡ್ಸ್ ಕಡೆಯದು ಉಣ್ಣೆ. ನಾವು ನಾಲ್ವರು ಹುಡುಗರು ಬಾಡಿಗೆಗೆ ಹಿಡಿದ ಮನೆಯೂ ಹಿಂದೆ ಕಾರ್ಮಿಕರಿಗೆಂದು ಕಟ್ಟಿದ ಸಾಲಿನದು: ಕೆಂಪು ಇಟ್ಟಿಗೆ, ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆಗಳು. ಹಿಂದಿನ ಗೋಡೆಯೂ ಪಕ್ಕದ ಗೋಡೆಗಳೂ ನೆರೆಯವರವೇ, ಕಿಟಕಿ ಮುಂದೆ ಮಾತ್ರ. ವಿದ್ಯುತ್ತಿಗೆ ಮುಂಗಡ ಹಣ ತುಂಬುವ ಮೀಟರು. ಐದು ಪೌಂಡು ಮುಗಿದರೆ ಹೀಟರೂ ದೀಪವೂ ಒಟ್ಟಿಗೆ ಆರಿಹೋಗುತ್ತಿದ್ದವು. ಗುಜರಾತಿಗಳ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ನಾನು ರೊಟ್ಟಿ ಬಡಿಯಲು ಹೋಗಿ, ಹಿಟ್ಟು ಜಿಗಿ ಹಿಡಿಯದೆ, ಮುರಿದ ಚೂರುಗಳನ್ನೇ ಶೇಂಗಾ ಚಟ್ನಿ ಹಚ್ಚಿ ನಾಲ್ವರೂ ತಿಂದೆವು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವಿಭಾಗದ ಚರಿತ್ರೆ. ವಿಶ್ವವಿದ್ಯಾಲಯದ ಮೂಲವಾದ ಯಾರ್ಕ್‌ಶೈರ್ ವಿಜ್ಞಾನ ಕಾಲೇಜು 1874ರಲ್ಲಿ ಶುರುವಾದಾಗ ಲಂಡನ್ನಿನ ಬಟ್ಟೆ ಕಸುಬಿನವರ ಸಂಘ ಹಣ ಕೊಟ್ಟಿತ್ತು. ಅವರ ಹೆಸರು ಇಂದಿಗೂ ಅಲ್ಲಿನ ಕಟ್ಟಡಗಳ ಮೇಲಿದೆ. ವಿಲಿಯಂ ಆಸ್ಟ್‌ಬರಿ ಎಂಬ ಭೌತವಿಜ್ಞಾನಿ 1928ರಲ್ಲಿ ಅಲ್ಲಿಗೆ ಬಂದದ್ದು ಉಣ್ಣೆಯ ಎಳೆಯನ್ನು ಎಕ್ಸ್‌ರೇ ಹಾಯಿಸಿ ನೋಡಲಿಕ್ಕೆ. ಉಣ್ಣೆ ಎಳೆದರೆ ಹಿಗ್ಗುವುದೇಕೆ, ಬಿಟ್ಟರೆ ಕುಗ್ಗುವುದೇಕೆ ಎಂದು ಹುಡುಕುತ್ತಾ ಹೋದವನು, ಹತ್ತು ವರ್ಷದ ಮೇಲೆ ಫ್ಲಾರೆನ್ಸ್ ಬೆಲ್ ಎಂಬ ವಿದ್ಯಾರ್ಥಿನಿಯ ಜೊತೆ ಡಿ.ಎನ್‌.ಎ. ಎಳೆಗೂ ಎಕ್ಸ್‌ರೇ ಹಿಡಿದ. ಅದೇ ಊರಿನ ಉಣ್ಣೆ ಸಂಶೋಧನಾಲಯದಲ್ಲಿ ಮಾರ್ಟಿನ್ ಮತ್ತು ಸಿಂಜ್ ಎಂಬ ಇಬ್ಬರು ಉಣ್ಣೆಯ ಪ್ರೋಟೀನನ್ನು ಬಿಡಿಸಲು ಹುಡುಕಿದ ವಿಧಾನಕ್ಕೆ 1952ರ ನೊಬೆಲ್ ಬಂತು. ಇದನ್ನೆಲ್ಲ ಕೇಳಿದ ದಿನ ನಾನು ಮನೆಗೆ ನಡೆದೇ ಹೋದೆ. ನೂಲಿನ ಒಂದು ಎಳೆಯ ಮುಂದೆ ಇಷ್ಟು ತಲೆಗಳು ಇಷ್ಟು ವರ್ಷ ಬಾಗಿ ಕೂತಿದ್ದವು. ನಮ್ಮ ಓಣಿಯಲ್ಲಿ ಎಳೆಯೆಂದರೆ ಮಕ್ಕಳನ್ನು ಅದರಿಂದ ಬಿಡಿಸಬೇಕಾದ ಬಂಧನ. ಈ ಎರಡು ಸಂಗತಿಯನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ನನಗೆ ಕಷ್ಟವಾಯಿತು. ಆ ಕಷ್ಟ ಇನ್ನೂ ಪೂರ್ತಿ ಕಳೆದಿಲ್ಲ.

ಅಕ್ಟೋಬರಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದು ಒಂದು ಮಾಹಿತಿ ಸಭೆ ಇತ್ತು. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಲು ಕೊಡುತ್ತಿದ್ದ ವೀಸಾ 2012ರ ಏಪ್ರಿಲ್ 6ಕ್ಕೆ ಮುಚ್ಚುತ್ತದೆ ಎಂದು ಅಲ್ಲಿ ಗೊತ್ತಾಯಿತು. ನನ್ನ ಕೋರ್ಸು ಮುಗಿಯುವುದು ಸೆಪ್ಟೆಂಬರಿಗೆ. ಆಮೇಲೆ ಅಲ್ಲಿ ನಿಲ್ಲಬೇಕೆಂದರೆ ಪರವಾನಗಿಯುಳ್ಳ ಕಂಪನಿಯೊಂದು ನಿಗದಿತ ಸಂಬಳ ಕೊಟ್ಟು ನಮ್ಮನ್ನು ಕರೆಯಬೇಕು. ನನ್ನ ಪಕ್ಕದಲ್ಲಿ ಕೂತಿದ್ದ ಗುಂಟೂರಿನ ಹುಡುಗ ಮೊಬೈಲು ತೆಗೆದು ಏನೋ ಲೆಕ್ಕ ಮಾಡಿದ, ಅಳಿಸಿದ, ಮತ್ತೆ ಮಾಡಿದ.

ಆ ವೀಸಾ ಮುಚ್ಚುವ ನಿರ್ಧಾರ 2011ರ ಮಾರ್ಚಿನಲ್ಲೇ ಪ್ರಕಟವಾಗಿತ್ತು. ಅಪ್ಪ ಸಹಿ ಹಾಕಿದ್ದು ಅದಾದ ಮೂರು ತಿಂಗಳಿಗೆ. ನನ್ನನ್ನು ಕಳಿಸಿದ ಏಜೆಂಟರು ಹೇಳಲಿಲ್ಲ ಎಂದು ಎಷ್ಟೋ ವರ್ಷ ಅವರನ್ನು ಬೈದಿದ್ದೇನೆ. ಅವರು ಹೇಳಬೇಕಿತ್ತು, ನಿಜ. ಆದರೆ ನಾನೂ ಓದಬಹುದಿತ್ತು. ಬಾಗಲಕೋಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಗಂಟೆಗಟ್ಟಲೆ ಕೂತು ಲೀಡ್ಸಿನ ಫೋಟೋಗಳನ್ನು ನೋಡಿದವನು ವೀಸಾದ ನಿಯಮ ಓದಲಿಲ್ಲ. ಓದಿದರೆ ಹೋಗುವುದು ನಿಂತುಹೋದೀತೆಂಬ ಭಯ ಒಳಗೆಲ್ಲೋ ಇತ್ತು. ಈಗ ಹಾಗೆಂದು ಒಪ್ಪಿಕೊಳ್ಳುತ್ತೇನೆ.

ಆ ಭಾನುವಾರ ಮನೆಗೆ ಫೋನು ಮಾಡಿದಾಗ ಅಪ್ಪ, “ಎಲ್ಲಾ ಬರೋಬರಿ ಐತೇನು?” ಅಂದ. “ಎಲ್ಲಾ ಅರಾಮ ಐತಿ” ಅಂದೆ. ಮುಂದಿನ ಭಾನುವಾರವೂ ಅದೇ. ಹನ್ನೊಂದು ತಿಂಗಳು ಅದೇ.

ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡಲು ವೀಸಾದಲ್ಲಿ ಅವಕಾಶವಿತ್ತು. ಕಚೇರಿಯ ಕಟ್ಟಡವೊಂದರಲ್ಲಿ ಬೆಳಗಿನ ಐದರಿಂದ ಎಂಟರವರೆಗೆ ನೆಲ ಒರೆಸುವ, ಕಸದ ಬುಟ್ಟಿ ಖಾಲಿ ಮಾಡುವ ಕೆಲಸ ಸಿಕ್ಕಿತು. ಆಗಿನ ಕನಿಷ್ಠ ಕೂಲಿ ಗಂಟೆಗೆ 6 ಪೌಂಡು 8 ಪೆನ್ಸ್. ಡಿಸೆಂಬರಿನಲ್ಲಿ ಅಲ್ಲಿ ಹೊತ್ತು ಮೂಡುವುದು ಎಂಟರ ಮೇಲೆ, ಮುಳುಗುವುದು ಮೂರೂ ಮುಕ್ಕಾಲಿಗೆ. ಕತ್ತಲಲ್ಲಿ ಹೋಗಿ, ತರಗತಿ ಮುಗಿಸಿ, ಕತ್ತಲಲ್ಲಿ ಬರುತ್ತಿದ್ದೆ. ವಾರಗಟ್ಟಲೆ ಬಿಸಿಲು ಕಂಡದ್ದು ಪ್ರಯೋಗಾಲಯದ ಕಿಟಕಿಯಿಂದ ಮಾತ್ರ. ಕೆಲಸ ಕೀಳು ಎಂದು ನನಗೆ ಅನ್ನಿಸಲಿಲ್ಲ, ಮೈ ಬಗ್ಗಿಸುವುದು ನಮ್ಮ ಮನೆಗೆ ಹೊಸದಲ್ಲ. ಸಂಕಟವಾಗುತ್ತಿದ್ದುದು ಬೇರೆ. ತಗ್ಗಿನಿಂದ ಮೇಲೆತ್ತಲೆಂದು ಮನೆಯನ್ನೇ ಅಡವಿಟ್ಟವನಿಗೆ, ಮಗ ಮೊಣಕಾಲೂರಿ ನೆಲ ಉಜ್ಜುತ್ತಿದ್ದಾನೆಂದು ಹೇಳುವ ಬಾಯಿ ನನಗಿರಲಿಲ್ಲ.

ಮನೆಯಲ್ಲಿದ್ದ ನಾಲ್ವರದೂ ಇದೇ ಕಥೆ. ಒಬ್ಬೊಬ್ಬರೂ ಫೋನು ಹಿಡಿದು ಮೆಟ್ಟಿಲ ಮೇಲೆ ಕೂತು ತಮ್ಮ ತಮ್ಮ ಭಾಷೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು. ತೆಲುಗು, ಪಂಜಾಬಿ, ಮಲಯಾಳ ಬರದಿದ್ದರೂ ಆ ವಾಕ್ಯ ನನಗೆ ಅರ್ಥವಾಗುತ್ತಿತ್ತು.

ಫೆಬ್ರುವರಿಯ ಒಂದು ಮಧ್ಯಾಹ್ನ. ಊರು ಬಿಡುವಾಗ ಚಟ್ನಿಯ ಡಬ್ಬಿಗಳು ಒಡೆಯದಿರಲೆಂದು ಅವ್ವ ತನ್ನ ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಕೊಟ್ಟಿದ್ದಳು. ನಾನು ಅದರಲ್ಲಿ ಊಟದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆ. ನೇಯ್ಗೆಯ ರಚನೆ ಕಲಿಸುತ್ತಿದ್ದ ಹಿರಿಯ ಅಧ್ಯಾಪಕಿ ಅದನ್ನು ನೋಡಿದರು. ಅನುಮತಿ ಕೇಳಿ, ಗಂಟು ಬಿಚ್ಚಿ, ಮೇಜಿನ ಮೇಲೆ ಹರಡಿ, ಎಳೆ ಎಣಿಸುವ ಭೂತಗನ್ನಡಿಯನ್ನು ಮೈ ಮತ್ತು ಸೆರಗು ಸೇರುವ ಜಾಗದ ಮೇಲಿಟ್ಟು ಬಾಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

ಸಾಮಾನ್ಯ ಸೀರೆಯಲ್ಲಿ ಹಾಸು ಈ ತುದಿಯಿಂದ ಆ ತುದಿಗೆ ಒಂದೇ, ಸೆರಗಿಗೆ ಬಂದಾಗ ಹೊಕ್ಕಿನ ಬಣ್ಣ ಮಾತ್ರ ಬದಲಾಗುತ್ತದೆ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಅದಕ್ಕೇ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಸೆರಗಿನ ಕೆಂಪು ಅಷ್ಟು ಗಾಢವಾಗಿರುವುದೂ ಅದಕ್ಕೇ, ಹಾಸೂ ಹೊಕ್ಕೂ ಎರಡೂ ಕೆಂಪು. ಅಧ್ಯಾಪಕಿ ಕೇಳಿದ್ದು ಸರಳ ಪ್ರಶ್ನೆ: ಈ ಕೊಂಡಿಯನ್ನು ಹೇಗೆ ಹಾಕುತ್ತಾರೆ?

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನನ್ನ ಕಣ್ಣಮುಂದೆಯೇ ನಡೆದ ಕೆಲಸ. ಅವ್ವ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಸಾವಿರಾರು ಎಳೆಗಳನ್ನು ಒಂದೊಂದಾಗಿ ಸೇರಿಸುತ್ತಾ ನನ್ನ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ನಾನು ಮಗ್ಗಿ ಹೇಳಿದೆ, ಅವಳ ಬೆರಳು ನೋಡಲಿಲ್ಲ.

ಅಂದು ಭಾನುವಾರವಾಗಿರಲಿಲ್ಲ. ಆದರೂ ಫೋನು ಮಾಡಿದೆ. ಅವ್ವನಿಗೆ ಗಾಬರಿಯಾಯಿತು. ವಿಷಯ ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ನಕ್ಕಳು. “ಇದನ್ನ ಕೇಳಾಕ ಅಷ್ಟು ದೂರ ಹೋಗಬೇಕಾತೇನೋ ನನ್ನಪ್ಪಾ?” ಅಂದಳು. ಆಮೇಲೆ ಹೇಳತೊಡಗಿದಳು. “ಗಂಟಲ್ಲ ಅದು, ತಿಳೀತಿಲ್ಲೋ? ಗಂಟು ಹಾಕಿದ್ರ ಹಣಿಗ್ಯಾಗ ಹಾಯೂದಿಲ್ಲ. ಒಂದು ಎಳಿ ಇನ್ನೊಂದರ ಕಿವಿಯೊಳಗ ಹೋಗಿ ತಿರುಗಿ ಬರಬೇಕು.” ನಾನು ಬರೆದುಕೊಂಡೆ, ತಪ್ಪಿದೆ, ಮತ್ತೆ ಕೇಳಿದೆ. ಕಾಲಿಂಗ್ ಕಾರ್ಡು ಮುಗಿದು ಇನ್ನೊಂದು ತಂದೆ. ಒಂದು ನೋಟ್‌ಬುಕ್ಕಿನ ಒಂಬತ್ತು ಪುಟ ತುಂಬಿತು. ಊರು ಬಿಟ್ಟ ಮೇಲೆ ನಾನು ಅವಳೊಡನೆ ಮುಚ್ಚುಮರೆ ಇಲ್ಲದೆ ಮಾತಾಡಿದ್ದು ಅದೇ ಮೊದಲು.

ಅಧ್ಯಾಪಕಿ ಆ ಪುಟಗಳನ್ನು ನೋಡಿ ನನ್ನನ್ನು ಪ್ರೆಸ್ಟನ್ನಿಗೆ ಹೋಗಿ ಬಾ ಅಂದರು. ಲೀಡ್ಸಿನಿಂದ ಪಶ್ಚಿಮಕ್ಕೆ, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್, ಬರ್ನ್‌ಲಿ, ಬ್ಲ್ಯಾಕ್‌ಬರ್ನ್ ದಾಟಿ ಹೋಗುವ ರೈಲು. ದಾರಿಯುದ್ದಕ್ಕೂ ಹೊಗೆ ನಿಂತ ಗಿರಣಿ ಚಿಮಣಿಗಳು. ಪ್ರೆಸ್ಟನ್ನಿನ ಹ್ಯಾರಿಸ್ ಮ್ಯೂಸಿಯಮ್ಮಿನಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬವನು 1866ರಲ್ಲಿ ಹೊರತಂದ ಮಾದರಿ ಪುಸ್ತಕಗಳಿವೆ. ಹಿಂದೂಸ್ತಾನದ ಬಟ್ಟೆಗಳನ್ನೇ ಕತ್ತರಿಸಿ ಅಂಟಿಸಿದ 700 ತುಂಡುಗಳು, 18 ಸಂಪುಟ. ಅಂಥ 20 ಸೆಟ್ಟು ಮಾಡಿಸಿ, 13 ಸೆಟ್ಟನ್ನು ಬ್ರಿಟನ್ನಿನಲ್ಲಿ ಇಟ್ಟುಕೊಂಡು 7 ಮಾತ್ರ ನಮ್ಮ ಕಡೆಗೆ ಕಳಿಸಿದರು. ನಮ್ಮವರು ಉಡುವುದೇನು, ಅವರಿಗೆ ಯಾವ ಅಂಚು ಇಷ್ಟ, ಎಷ್ಟು ಅಗಲ ಬೇಕು ಎಂದು ಅಲ್ಲಿನ ಗಿರಣಿಯವರು ತಿಳಿದುಕೊಂಡು ಅಂಥದನ್ನೇ ನೇಯ್ದು ನಮಗೆ ಮಾರಲಿ ಎಂಬ ಉದ್ದೇಶಕ್ಕೆ ಮಾಡಿದ ಪುಸ್ತಕ. ಒಂದು ಪುಟದ ಮುಂದೆ ನಿಂತೆ. ಅಂಗೈಯಷ್ಟು ಚೌಕಡಿ ಬಟ್ಟೆ, ನೂರೈವತ್ತು ವರ್ಷವಾದರೂ ಬಣ್ಣ ಮಾಸಿಲ್ಲ. ಕೆಳಗೆ ಅಳತೆ ಇತ್ತು, ತೂಕ ಇತ್ತು. ನೇಯ್ದವನ ಹೆಸರಿರಲಿಲ್ಲ. ಸಿಟ್ಟು ಬರಬೇಕಿತ್ತು, ಬಂತು. ಆದರೆ ಅದಕ್ಕಿಂತ ಹೆಚ್ಚು ಬಂದದ್ದು ನಾಚಿಕೆ. ಅವರು ಲಾಭಕ್ಕಾದರೂ ನಮ್ಮ ಬಟ್ಟೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದರು. ನಾನು ಅದೇ ಮನೆಯಲ್ಲಿ ಹುಟ್ಟಿ ನೋಡಿರಲಿಲ್ಲ.

ಕೊಂಡಿಯ ಬಗ್ಗೆಯೇ ಪ್ರಬಂಧ ಬರಿ ಎಂದು ಅಧ್ಯಾಪಕಿ ಎರಡು ಸಲ ಹೇಳಿದರು. ನಾನು ಒಲ್ಲೆ ಅಂದೆ. ಆಸ್ಪತ್ರೆಗಳಲ್ಲಿ ಬಳಸುವ, ನೇಯ್ಗೆಯಿಲ್ಲದ ಬಟ್ಟೆಯ ಮೇಲೆ ಬರೆದೆ. ಕೆಲಸ ಸಿಗುವುದು ಅದಕ್ಕೆ, ಸಾಲ ತೀರುವುದು ಅದರಿಂದ ಎಂಬ ಲೆಕ್ಕ. ಅವರು ಒತ್ತಾಯ ಮಾಡಲಿಲ್ಲ. ಆ ಲೆಕ್ಕ ತಪ್ಪಾಗಿರಲಿಲ್ಲ. ಬೆಂಗಳೂರಿನಲ್ಲಿ ನನಗೆ ಮೊದಲ ಕೆಲಸ ಕೊಟ್ಟವರು ಆ ಪ್ರಬಂಧ ನೋಡಿಯೇ ಕೊಟ್ಟರು. ಆದರೂ ಅವ್ವ ಹೇಳಿ ನಾನು ಬರೆದುಕೊಂಡ ಒಂಬತ್ತು ಪುಟ ಇವತ್ತಿಗೂ ಒಂಬತ್ತೇ ಪುಟ. ಈಗ ಅವಳ ಕಣ್ಣಿಗೆ ಎಳೆ ಕಾಣುವುದಿಲ್ಲ. ಕುಣಿಯ ಮೇಲೆ ಚಪ್ಪಡಿ ಹಾಕಿ, ಅದರ ಮೇಲೆ ಫ್ರಿಜ್ಜು ಇಟ್ಟಿದ್ದೇವೆ.

2012ರ ಅಕ್ಟೋಬರಿನಲ್ಲಿ ವಾಪಸು ಬಂದೆ. ಎರಡು ವರ್ಷದ ಕೆಲಸದ ಮಾತು ಮುಗಿದ ಕಥೆ ಎಂದು ಅಪ್ಪನಿಗೆ ಹೇಳಿದ್ದು ಅಂದೇ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಕಂತು ಯಾವಾಗಿಂದ ಶುರು?”

ಇದಕ್ಕಿಂತ ಭಾರದ ಸಂಗತಿ ಇನ್ನೊಂದಿದೆ. ಬಂದ ಮರುವರ್ಷ, ಓದಿದ ಕಾಲೇಜಿನವರು ಹುಡುಗರಿಗೆ ನಾಲ್ಕು ಮಾತು ಹೇಳಲು ಕರೆದರು. ನಾನು ಆಸ್ಟ್‌ಬರಿಯ ಕಥೆ ಹೇಳಿದೆ, ಗ್ರಂಥಾಲಯದ ಕಥೆ ಹೇಳಿದೆ, ಚಪ್ಪಾಳೆ ಬಿತ್ತು. ನೆಲ ಒರೆಸಿದ್ದು ಹೇಳಲಿಲ್ಲ. ಆ ಸಭೆಯಲ್ಲಿದ್ದ ಒಬ್ಬ ಹುಡುಗ ಹೊಲ ಮಾರಿ ಲಂಡನ್ನಿನ ಒಂದು ಸಣ್ಣ ಕಾಲೇಜಿಗೆ ಹೋದ. ಕೆಲವು ತಿಂಗಳಲ್ಲಿ ವಿದೇಶಿಯರನ್ನು ಸೇರಿಸಿಕೊಳ್ಳುವ ಅದರ ಪರವಾನಗಿ ರದ್ದಾಯಿತು. ಅರವತ್ತು ದಿನದೊಳಗೆ ಬೇರೆ ಕಾಲೇಜು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಅವನು ಪದವಿಯಿಲ್ಲದೆ ಬಂದ. ಒಮ್ಮೆ ಹುನಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕ. ಬೈಯಲಿಲ್ಲ. “ನೀವು ಹೇಳಿದ್ದೆಲ್ಲಾ ಖರೇನ ಇತ್ರಿ ಸರ್” ಅಂದ. ಆ ಮಾತನ್ನು ಹೊತ್ತುಕೊಂಡೇ ತಿರುಗುತ್ತಿದ್ದೇನೆ.

ಕೊನೆಯ ಕಂತು ಮುಗಿದದ್ದು 2018ರಲ್ಲಿ. ಮನೆಯ ಕಾಗದಗಳು ವಾಪಸು ಬಂದವು, ಅಪ್ಪ ಅದೇ ಜರಿಯಂಚಿನ ಅರಿವೆಯಲ್ಲಿ ಕಟ್ಟಿ ಟ್ರಂಕಿಗೆ ಹಾಕಿದ. ಮರುವರ್ಷ ಅವನು ಹೋದ. ದಿನಕರ್ಮ ಮುಗಿದ ಮೇಲೆ ಟ್ರಂಕು ತೆಗೆದಾಗ ಕಾಗದಗಳ ಜೊತೆ 2012ರ ಕ್ಯಾಲೆಂಡರೊಂದು ಮಡಚಿಟ್ಟದ್ದು ಸಿಕ್ಕಿತು. ಹಾಲಿನ ಲೆಕ್ಕ, ಗ್ಯಾಸು ಬಂದ ದಿನ. ಪ್ರತಿ ಸೋಮವಾರದ ಚೌಕದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದೊಂದು ಸಣ್ಣ ಅಂಕಿ. ಮೊದಲು ತಿಳಿಯಲಿಲ್ಲ. ಫೆಬ್ರುವರಿಯಲ್ಲಿ 78. ಏಪ್ರಿಲ್ಲಿನಲ್ಲಿ 83. ಜೂನಿಗೆ 87. ಪೌಂಡಿನ ದರ. ಪೇಪರು ನೋಡಿ, ವಾರ ವಾರ ಬರೆದಿಟ್ಟಿದ್ದ. ಭಾನುವಾರ ಫೋನಿನಲ್ಲಿ ನಾನು ಅರಾಮ ಅಂದದ್ದು ಕೇಳಿಸಿಕೊಂಡು, ಸೋಮವಾರ ಕೂತು ಆ ಅಂಕಿ ಬರೆಯುತ್ತಿದ್ದ. ನನಗೆ ಒಂದು ದಿನವೂ ಹೇಳಲಿಲ್ಲ.

ಹುಡುಗಿಗೆ ಅಂದು ಎಲ್ಲ ಹೇಳಿದೆ. ಅಂದು ಮುಚ್ಚಿದ್ದ ಅವಕಾಶ ಆಮೇಲೆ ಮತ್ತೆ ತೆರೆದಿದೆ, ಆದರೆ ಈಗಿನ ನಿಯಮದ ಪ್ರಕಾರ 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಿಗುವುದು ಎರಡು ವರ್ಷವಲ್ಲ, ಹದಿನೆಂಟು ತಿಂಗಳು. 2026ರಲ್ಲಿ ಹೋಗುವ ನೀನು ಅದರಲ್ಲೇ ಬರುತ್ತೀ. ಆ ಹದಿನೆಂಟು ತಿಂಗಳಲ್ಲಿ ಓದಿಗೆ ತಕ್ಕ ಕೆಲಸ ಸಿಗುತ್ತದೆಂಬ ಖಾತ್ರಿ ಯಾರೂ ಕೊಡುವುದಿಲ್ಲ. ಬೆಳಗಿನ ಐದರ ಚಳಿ ಹೇಳಿದೆ, ಮೀಟರು ಹೇಳಿದೆ, ಲಂಡನ್ನಿಗೆ ಹೋದ ಹುಡುಗನ ಕಥೆಯನ್ನೂ ಹೇಳಿದೆ. ಭೂತಗನ್ನಡಿಯ ಕೆಳಗೆ ಎಳೆ ಎಣಿಸಿದ ಮಧ್ಯಾಹ್ನವನ್ನೂ ಹೇಳಿದೆ, ಅದನ್ನು ಬಿಟ್ಟಿದ್ದರೆ ಇದೂ ಅರ್ಧ ಮಾತೇ ಆಗುತ್ತಿತ್ತು. ಹುಡುಗಿ ಎಲ್ಲವನ್ನೂ ಫೈಲಿನ ಹಿಂದೆ ಬರೆದುಕೊಂಡಳು. “ಹೋಗಬ್ಯಾಡಂತೀರೇನ್ರಿ?” ಎಂದು ಕೇಳಿದಳು. ಹಾಗನ್ನುವುದಿಲ್ಲ ಅಂದೆ. ಅವ್ವ ಮೂಲೆಯಿಂದ, “ನಿನಗ ಕೊಂಡಿ ಹಾಕಾಕ ಬರತೈತೇನವಾ?” ಅಂದಳು. ಹುಡುಗಿ ತಲೆಯಾಡಿಸಿ, ನಮ್ಮವ್ವಗ ಬರತೈತಿ ಅಂದಳು.

ಅವಳಪ್ಪ ಅಷ್ಟು ಹೊತ್ತೂ ಒಂದು ಮಾತಾಡಿರಲಿಲ್ಲ. ಎದ್ದು, ಹೊಸ್ತಿಲ ಆಚೆ ಚಪ್ಪಲಿ ಮೆಟ್ಟಿಕೊಂಡು, ಮತ್ತೆ ನನ್ನ ಕಡೆ ತಿರುಗಿದರು.

“ಇವತ್ತ ಪೌಂಡು ಎಷ್ಟೈತ್ರೀ?”

ಮೊಬೈಲು ನೋಡಿ ಹೇಳಿದೆ. ನೂರಾ ಹದಿನೈದು ದಾಟಿತ್ತು. ಮಗಳ ಕೈಯಿಂದ ಪೆನ್ನು ಇಸಿದುಕೊಂಡು, ಫೈಲನ್ನು ಗೋಡೆಗೆ ಒತ್ತಿ ಹಿಡಿದು, ಅವರು ಆ ಅಂಕಿಯನ್ನು ಬರೆದರು. ಪಕ್ಕದಲ್ಲಿ ತಾರೀಖು ಹಾಕಿದರು.